ಸೀಟಿ ಊದುವ ಅಕ್ಕೋರು

ಶಿಕಾಗೊದ ಬಡ ಹೈಸ್ಕೂಲೊಂದರ ಪುಂಡ ಹುಡುಗರಿಗೆ ಹೆಂಗಸೊಬ್ಬಳು ಕೋಚ್ ಆಗಿ ಬಂದ ಕಥೆ ಹೇಳಿ ನಗಿಸಿದ ‘ವೈಲ್ಡ್‌ಕ್ಯಾಟ್ಸ್’ ಚಿತ್ರಕ್ಕೆ ಈಗ ನಲವತ್ತು ವರ್ಷ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಮೈದಾನಗಳಲ್ಲಿ ನಿಂತು ನೋಡಿದರೆ ಆ ಕಥೆ ದೂರದ್ದು ಅನ್ನಿಸುವುದಿಲ್ಲ. ಕನ್ನಡಕ್ಕೆ ಅಂಥ ಚಿತ್ರ ಬೇಕು. ನಮ್ಮ ಶಾಲೆಗಳಿಗೆ ಅಂಥ ಕೋಚ್ ಇನ್ನೂ ಹೆಚ್ಚು ಬೇಕು.

ಆಗಸ್ಟ್ ತಿಂಗಳ ಒಂದು ಮುಂಜಾನೆ ರೋಣ ಸೀಮೆಯ ಯಾವುದಾದರೂ ಶಾಲಾ ಮೈದಾನಕ್ಕೆ ಹೋಗಿ ನಿಲ್ಲಿ. ರಾತ್ರಿ ಹನಿದ ಮಳೆಗೆ ಎರೆಮಣ್ಣು ಮೆತ್ತಗಾಗಿದೆ. ಅದರ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಖೋ ಖೋ ಅಂಕಣ. ಎರಡು ಕಂಬಗಳ ನಡುವೆ ಎಂಟು ಹುಡುಗಿಯರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂಬತ್ತನೆಯವಳು ಬರಿಗಾಲಲ್ಲಿ ಬೆನ್ನಟ್ಟಿದ್ದಾಳೆ. ಕಾಲಿಗೆ ಮಣ್ಣು ಹತ್ತಿದೆ, ಜಡೆ ಬಿಚ್ಚಿದೆ, ಅದ್ಯಾವುದರ ಖಬರೂ ಅವಳಿಗಿಲ್ಲ.

ಕ್ರೂಸರ್‌ಗಳಲ್ಲಿ, ಟಂಟಂಗಳಲ್ಲಿ ಒತ್ತೊತ್ತಾಗಿ ಕೂತು ಬಂದ ಹಳ್ಳಿ ತಂಡಗಳು ಬೇವಿನ ಮರದ ಕೆಳಗೆ ಬುತ್ತಿ ಇಟ್ಟುಕೊಂಡು ತಮ್ಮ ಸರದಿ ಕಾಯುತ್ತಿವೆ. ಗೇಟಿನ ಹೊರಗೆ ಮಿರ್ಚಿ, ಮಂಡಕ್ಕಿ ಗಾಡಿ. ಮೈಕಿನಲ್ಲಿ ಶಾಲೆಗಳ ಹೆಸರು ಒಂದಾದ ಮೇಲೊಂದು.

ಅಂಕಣದ ಪಕ್ಕ, ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ಒಬ್ಬ ಹೆಂಗಸು ಕೂಗುತ್ತಾರೆ: ‘ಖೋ ಕೊಡ ತಂಗೀ, ಲಗೂನ ಖೋ ಕೊಡ!’ ಅವರೇ ಪಿ.ಟಿ. ಅಕ್ಕೋರು. ಆ ಸಾಲಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಸಿಗುತ್ತಾರೆ. ಮಿಕ್ಕ ಹುಡುಗಿಯರ ತಂಡಗಳ ಹಿಂದೆ ನಿಂತವರು ಪಿ.ಟಿ. ಸರ್‌ಗಳು. ಅವರ ಜೊತೆಗೆ, ಹುಡುಗಿಯರನ್ನು ಕರೆದುಕೊಂಡು ಬರಲು ಹೆಣ್ಣುಮಗಳೊಬ್ಬಳು ಇರಬೇಕು ಎಂಬ ಕಾರಣಕ್ಕೆ ಬಂದ ಕನ್ನಡದ ಅಥವಾ ಗಣಿತದ ಟೀಚರ್.

ಗಂಡುಮಕ್ಕಳ ತಂಡದ ಹಿಂದೆ ಸೀಟಿ ಹಿಡಿದು ನಿಂತ ಅಕ್ಕೋರು? ಆ ಬಯಲಿನಲ್ಲಿ ಹುಡುಕಿದರೆ ಸಿಗುವುದು ಬಹಳ ಕಷ್ಟ. ಅದನ್ನು ಕಲ್ಪಿಸಿಕೊಂಡ ಚಿತ್ರವೇ ‘ವೈಲ್ಡ್‌ಕ್ಯಾಟ್ಸ್’.

ಅಡುಗೆ ಕಲಿಸುವ ಮಾಸ್ತರನಿಗೆ ಸಿಕ್ಕ ಕೆಲಸ

1986ರ ಫೆಬ್ರುವರಿ 14ರಂದು ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರವಿದು. ನಿರ್ದೇಶಕ ಮೈಕೆಲ್ ರಿಚಿ. ಸೋಲುವ ಮಕ್ಕಳ ಬೇಸ್‌ಬಾಲ್ ತಂಡವೊಂದರ ಕಥೆ ‘ದ ಬ್ಯಾಡ್ ನ್ಯೂಸ್ ಬೇರ್ಸ್’ ಅನ್ನು 1976ರಲ್ಲೇ ತೆಗೆದು ಹೆಸರು ಮಾಡಿದ್ದವರು. ನಾಯಕಿ ಗೋಲ್ಡಿ ಹಾನ್, ‘ಕ್ಯಾಕ್ಟಸ್ ಫ್ಲವರ್’ ಚಿತ್ರಕ್ಕೆ ಆಸ್ಕರ್ ಪಡೆದ ನಟಿ. ಇಲ್ಲಿ ಆಕೆಯ ಪಾತ್ರದ ಹೆಸರು ಮಾಲಿ ಮೆಗ್ರಾತ್.

ಮಾಲಿ ಕೋಚ್‌ನ ಮಗಳು. ಅಪ್ಪನ ಜೊತೆ ಮೈದಾನದಲ್ಲೇ ಬೆಳೆದವಳು. ಆಟದ ತಂತ್ರವೆಲ್ಲ ಅವಳಿಗೆ ಬಾಯಿಪಾಠ. ಗಂಡನಿಂದ ಬೇರೆಯಾಗಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತ, ಅನುಕೂಲಸ್ಥರ ಮಕ್ಕಳು ಓದುವ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಓಟ ಕಲಿಸುತ್ತಿರುತ್ತಾಳೆ. ಅಲ್ಲಿ ಕಿರಿಯ ಹುಡುಗರ ಫುಟ್‌ಬಾಲ್ ತಂಡಕ್ಕೆ ಕೋಚ್ ಬೇಕಾದಾಗ ಕೈ ಎತ್ತುತ್ತಾಳೆ. ಹಿರಿಯ ಕೋಚ್ ಆ ಕೆಲಸವನ್ನು ಗೃಹವಿಜ್ಞಾನ ಕಲಿಸುವ ಒಬ್ಬ ಗಂಡಸಿಗೆ ಕೊಡುತ್ತಾನೆ. ಆ ಮಾಸ್ತರನಿಗೆ ಆಟ ಗೊತ್ತಿಲ್ಲ. ಗಂಡಸಾದದ್ದೇ ಅವನ ಅರ್ಹತೆ. ಹಟ ಹಿಡಿದ ಮಾಲಿಯನ್ನು ಸುಮ್ಮನಾಗಿಸಲು ನಗರದ ನಡುವಿನ, ಯಾರೂ ಹೋಗಲೊಪ್ಪದ ಸೆಂಟ್ರಲ್ ಹೈಸ್ಕೂಲಿಗೆ ಕಳಿಸುತ್ತಾರೆ. ಅಲ್ಲಿನ ತಂಡದ ಹೆಸರೇ ವೈಲ್ಡ್‌ಕ್ಯಾಟ್ಸ್.

ಮೊದಲ ದಿನ ಹುಡುಗರು ಬಟ್ಟೆ ಬದಲಿಸುವ ಕೋಣೆಯಲ್ಲಿ ಬತ್ತಲೆ ನಿಂತು ಅವಳನ್ನು ನಾಚಿಸಿ ಓಡಿಸಲು ನೋಡುತ್ತಾರೆ. ಹೇಳಿದ್ದು ಕೇಳುವುದಿಲ್ಲ, ಕೂತಲ್ಲಿಂದ ಏಳುವುದಿಲ್ಲ. ಆಗ ಮಾಲಿ ಒಂದು ಪಣ ಒಡ್ಡುತ್ತಾಳೆ. ಎಲ್ಲರೂ ನನ್ನ ಜೊತೆ ಓಡಿ. ನಿಮ್ಮಲ್ಲಿ ಒಬ್ಬನಾದರೂ ನನಗಿಂತ ಹೆಚ್ಚು ಹೊತ್ತು ಓಡಿದರೆ ನಾನು ಹೋಗುತ್ತೇನೆ. ಎಲ್ಲರೂ ನನಗಿಂತ ಮೊದಲೇ ಕುಸಿದರೆ ನಾನು ಹೇಳಿದಂತೆ ಕೇಳಬೇಕು.

ಓಟ ಶುರುವಾಗುತ್ತದೆ. ಸುತ್ತಿನ ಮೇಲೆ ಸುತ್ತು. ಕತ್ತಲಾಗುತ್ತದೆ, ಮಳೆ ಹಿಡಿಯುತ್ತದೆ. ದೈತ್ಯ ಮೈಯ ಹುಡುಗರು ಒಬ್ಬೊಬ್ಬರಾಗಿ ನೆಲ ಹಿಡಿಯುತ್ತಾರೆ. ತೆಳ್ಳಗಿನ ಆ ಹೆಂಗಸು ನಿಲ್ಲುವುದಿಲ್ಲ. ಚಿತ್ರದ ಜೀವ ಇರುವುದು ಇಲ್ಲಿ. ಅಲ್ಲಿಯವರೆಗೆ ನಾವು ಅವಳ ಫಜೀತಿಗೆ ನಗುತ್ತಿರುತ್ತೇವೆ. ಈ ಓಟದ ನಂತರ ನಮ್ಮ ನಗು ದಿಕ್ಕು ಬದಲಿಸುತ್ತದೆ, ಅವಳನ್ನು ಆಡಿಕೊಂಡವರ ಕಡೆ ತಿರುಗುತ್ತದೆ.

ಕೊನೆಗೆ ವೈಲ್ಡ್‌ಕ್ಯಾಟ್ಸ್ ತಂಡ ಮಾಲಿಯನ್ನು ಹೊರಗೆ ಹಾಕಿದ ಶಾಲೆಯ ಎದುರೇ ಫೈನಲ್ ಆಡಿ ಗೆಲ್ಲುತ್ತದೆ. ಅದು ಮೊದಲೇ ಗೊತ್ತಾಗುವ ಗೆಲುವು. ಚಿತ್ರದಲ್ಲಿ ಇಂದು ಹಳತೆನಿಸುವ ಸಂಗತಿಗಳೂ ಇವೆ. ಕೋಣೆಯ ಬತ್ತಲೆ ತಮಾಷೆ ಈಗ ಕಿರಿಕಿರಿ ತರಿಸುತ್ತದೆ. ಬಡ ಕಪ್ಪು ಹುಡುಗರನ್ನು ಒಂದೇ ಅಚ್ಚಿನ ಪುಂಡರಂತೆ ತೋರಿಸಿದ್ದು ಅನ್ಯಾಯ.

ಆದರೂ ಒಂದು ಮಾತನ್ನು ಆ ಚಿತ್ರ ನಿಖರವಾಗಿ ಹಿಡಿದಿದೆ. ಮೈದಾನದ ಹುಡುಗರನ್ನು ಗೆಲ್ಲುವುದು ಮಾಲಿಗೆ ಕೊನೆಗೂ ಸಾಧ್ಯವಾಗುತ್ತದೆ. ಕಷ್ಟವಾಗುವುದು ಮನೆ. ಇಂಥ ಕೆಲಸ ಮಾಡುವ ತಾಯಿಯ ಬಳಿ ಮಕ್ಕಳು ಇರಕೂಡದು ಎಂದು ಮಾಜಿ ಗಂಡ ಕೋರ್ಟಿಗೆ ಹೋಗುತ್ತಾನೆ. ಸಂಜೆ ತಡವಾಗಿ ಮನೆಗೆ ಬರುವ ಹೆಂಗಸಿನ ಮೇಲೆ ಬೀಳುವ ಪ್ರಶ್ನೆ ಶಿಕಾಗೊದಲ್ಲೂ ಅದೇ, ನರಗುಂದದಲ್ಲೂ ಅದೇ.

ಅದು ನಾವು ಆಡುವ ಫುಟ್‌ಬಾಲ್ ಅಲ್ಲ

*‘ವೈಲ್ಡ್‌ಕ್ಯಾಟ್ಸ್’ನಲ್ಲಿರುವುದು ಅಮೆರಿಕನ್ ಫುಟ್‌ಬಾಲ್. ಚೆಂಡು ಎರಡೂ ತುದಿಗೆ ಚೂಪು. ತಲೆಗೆ ಹೆಲ್ಮೆಟ್, ಭುಜಕ್ಕೆ ಗಟ್ಟಿ ಕವಚ. ಹೆಚ್ಚಿನ ಆಟ ಕೈಯಲ್ಲೇ. ಒಂದೊಂದು ಕಡೆ ಹನ್ನೊಂದು ಜನ. ಎದುರಾಳಿಯ ಗೋಲು ಗೆರೆ ದಾಟಿಸಿ ಚೆಂಡು ಒಯ್ದರೆ ಆರು ಅಂಕ. ಚೆಂಡು ಹೊತ್ತು ಓಡುವವನನ್ನು ಹಿಡಿದು ಕೆಡವುವುದು ಆಟದ ಭಾಗ. ಕಬಡ್ಡಿ ನೋಡಿ ಬೆಳೆದವರಿಗೆ ಅದರ ಬಿರುಸು ಬೇಗ ಅರ್ಥವಾಗುತ್ತದೆ.*

*ಈ ಚಿತ್ರದಲ್ಲಿ ಆಟಗಾರರಾಗಿ ಕಾಣಿಸಿಕೊಂಡ ಇಬ್ಬರು ಮುಂದೆ ದೊಡ್ಡ ನಟರಾದರು: ವೆಸ್ಲಿ ಸ್ನೈಪ್ಸ್ ಮತ್ತು ವುಡಿ ಹ್ಯಾರೆಲ್ಸನ್. ತಂಡದ ಭಾರೀ ಮೈಕಟ್ಟಿನ ಹುಡುಗನಾಗಿ ನಟಿಸಿದ ಟ್ಯಾಬ್ ಥ್ಯಾಕರ್ ನಿಜ ಜೀವನದಲ್ಲಿ ಪೈಲ್ವಾನ್. 1984ರಲ್ಲಿ ಅಮೆರಿಕದ ಕಾಲೇಜು ಕುಸ್ತಿಯ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು.*

ಚಿತ್ರದ ಹಿಂದೆ ನಡೆದು ಬಂದ ನಿಜ

ಚಿತ್ರ ಬಂದಾಗ ಅದು ಕಟ್ಟುಕಥೆ. ಇಪ್ಪತ್ನಾಲ್ಕು ವರ್ಷದ ನಂತರ ಆ ಕಥೆ ನಡೆದೇಬಿಟ್ಟಿತು. 2010ರಲ್ಲಿ ವಾಷಿಂಗ್ಟನ್ ನಗರದ ಕೂಲಿಜ್ ಹೈಸ್ಕೂಲು ತನ್ನ ಹುಡುಗರ ಫುಟ್‌ಬಾಲ್ ತಂಡಕ್ಕೆ ನ್ಯಾಟಲಿ ರ‍್ಯಾಂಡಾಲ್ಫ್ ಅವರನ್ನು ಮುಖ್ಯ ಕೋಚ್ ಮಾಡಿತು. ಆಕೆ ಅದೇ ಶಾಲೆಯ ವಿಜ್ಞಾನ ಶಿಕ್ಷಕಿ. ಸ್ವತಃ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆಡಿದವರು. 2013ರವರೆಗೆ ತಂಡ ನಡೆಸಿದರು.

2015ರಲ್ಲಿ ಜೆನ್ ವೆಲ್ಟರ್ ಅಮೆರಿಕದ ವೃತ್ತಿಪರ ಲೀಗಿನ ತಂಡವೊಂದರ ತರಬೇತಿ ಬಳಗ ಸೇರಿದ ಮೊದಲ ಮಹಿಳೆಯಾದರು. 2020ರಲ್ಲಿ ಕೇಟಿ ಸವರ್ಸ್, ಆ ಲೀಗಿನ ಮಹಾ ಫೈನಲ್ ಆದ ಸೂಪರ್ ಬೌಲ್‌ಗೆ ಕೋಚ್ ಆಗಿ ಬಂದ ಮೊದಲ ಮಹಿಳೆ. ನಾವು ಆಡುವ ಫುಟ್‌ಬಾಲ್‌ನಲ್ಲೂ ಫ್ರಾನ್ಸಿನ ಕೊರಿನ್ ಡಿಯಾಕ್ರ್ 2014ರಲ್ಲಿ ಕ್ಲೆರ್ಮೊಂ ಎಂಬ ಗಂಡಸರ ಕ್ಲಬ್ಬಿನ ಹೊಣೆ ಹೊತ್ತರು.

ಹೆಣ್ಣುಮಕ್ಕಳು ಆಟಕ್ಕೆ ಬಂದರೆ ಹೆಣ್ಣು ಕೋಚ್‌ಗಳು ತಾನಾಗಿಯೇ ಹೆಚ್ಚುತ್ತಾರೆ ಎಂದು ನಂಬಿ ಕೂರುವಂತಿಲ್ಲ. 1972ರಲ್ಲಿ ಅಮೆರಿಕ ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡು ಭೇದ ಮಾಡಕೂಡದೆಂದು ಕಾನೂನು ತಂದಿತು. ಆಡುವ ಹುಡುಗಿಯರ ಸಂಖ್ಯೆ ಹಲವು ಪಟ್ಟು ಏರಿತು. ಕಾನೂನು ಬರುವ ಮೊದಲು ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಮಹಿಳೆಯರೇ ಇದ್ದರು. ಆಟಕ್ಕೆ ಹಣ, ಸಂಬಳ, ಮರ್ಯಾದೆ ಬಂದ ಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಕೆಲಸಕ್ಕೆ ಬೆಲೆ ಬಂದ ಕೂಡಲೇ ಗಂಡಸರು ಆ ಕುರ್ಚಿಗೆ ಬಂದರು. ಈ ಸಂಗತಿಯನ್ನು ನಾವು ಈಗಲೇ ನೆನಪಿಟ್ಟುಕೊಳ್ಳಬೇಕು.

ಚೆಂಡು ಹುಡುಗಿಗೆ, ಸೀಟಿ ಗಂಡಸಿಗೆ

ನಮ್ಮ ಸಿನಿಮಾ ಏನು ಮಾಡಿತು? ‘ಚಕ್ ದೇ ಇಂಡಿಯಾ’ (2007) ನೋಡಿ ಕಣ್ಣು ಒದ್ದೆಯಾಗದವರು ಕಡಿಮೆ. ಅಲ್ಲಿ ಹುಡುಗಿಯರು ಹಾಕಿ ಆಡುತ್ತಾರೆ, ಕೋಚ್ ಶಾರುಖ್ ಖಾನ್. ‘ದಂಗಲ್’ನಲ್ಲಿ (2016) ಹುಡುಗಿಯರು ಕುಸ್ತಿ ಹಿಡಿಯುತ್ತಾರೆ, ಪಟ್ಟು ಕಲಿಸುವವನು ಅಪ್ಪ. ಅದೇ ವರ್ಷದ ತಮಿಳಿನ ‘ಇರುದಿ ಸುಟ್ರು’ ಚಿತ್ರದಲ್ಲಿ ಬಾಕ್ಸಿಂಗ್ ಹುಡುಗಿಗೆ ಗುರುವಾಗಿ ಮಾಧವನ್. ‘ಬಿಗಿಲ್’ನಲ್ಲಿ (2019) ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ವಿಜಯ್. ಒಳ್ಳೆಯ ಚಿತ್ರಗಳಿವೆ, ಒಳ್ಳೆಯ ನಟನೆಯಿದೆ. ಆದರೆ ತಂತ್ರ ಹೆಣೆಯುವ ಬುದ್ಧಿ ಪ್ರತಿ ಸಲವೂ ಗಂಡಸಿನದು.

ಇದಕ್ಕೆ ಹೊರತಾಗಿ ನಿಂತದ್ದು ಒಂದು ಮಲಯಾಳಂ ಚಿತ್ರ. ರಾಹುಲ್ ರಿಜಿ ನಾಯರ್ ನಿರ್ದೇಶಿಸಿದ ‘ಖೋ ಖೋ’ 2021ರ ಏಪ್ರಿಲ್‌ನಲ್ಲಿ ತೆರೆಕಂಡಿತು. ಆಟಗಾರ್ತಿಯಾಗಿದ್ದ ಮರಿಯಾ ಫ್ರಾನ್ಸಿಸ್ ದ್ವೀಪವೊಂದರ ಹೆಣ್ಣುಮಕ್ಕಳ ಸರಕಾರಿ ಶಾಲೆಗೆ ಪಿ.ಟಿ. ಶಿಕ್ಷಕಿಯಾಗಿ ಬಂದು ಖೋ ಖೋ ತಂಡ ಕಟ್ಟುತ್ತಾಳೆ. ರಜಿಷಾ ವಿಜಯನ್ ಆ ಪಾತ್ರವನ್ನು ಬೆವರು ಹರಿಸಿ ಮಾಡಿದ್ದಾರೆ. ಕೊರೊನಾದ ಎರಡನೇ ಅಲೆ ಆ ಚಿತ್ರದ ಚಿತ್ರಮಂದಿರದ ಆಯುಷ್ಯವನ್ನು ಮೊಟಕು ಮಾಡಿತು. ಗಜೇಂದ್ರಗಡದ ಪಿ.ಟಿ. ಅಕ್ಕೋರು ಅದನ್ನು ನೋಡಿದರೆ ತಮ್ಮದೇ ದಿನಚರಿ ಎನ್ನುತ್ತಾರೆ.

ಕನ್ನಡ ಸಿನಿಮಾ ಶಾಲಾ ಗುರುವನ್ನು ಬಹಳ ಪ್ರೀತಿಸಿದೆ. ‘ಸ್ಕೂಲ್ ಮಾಸ್ಟರ್’ 1958ರಲ್ಲೇ ಬಂತು. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಮನೆಮನೆಯ ಹೆಸರಾದರು. ಮೈದಾನದ ಗುರುವಿಗೆ ಆ ಪ್ರೀತಿ ಸಿಗಲಿಲ್ಲ. ಮೈದಾನದ ಹೆಣ್ಣು ಗುರುವಂತೂ ನಮ್ಮ ತೆರೆಯ ಕಣ್ಣಿಗೆ ಬಿದ್ದದ್ದೇ ಅಪರೂಪ.

ದ್ರೋಣಪುರದಿಂದ ಢಾಕಾಗೆ

ರೋಣಕ್ಕೆ ದ್ರೋಣಪುರ ಎಂಬ ಹಳೆಯ ಹೆಸರಿದೆ. ಊರನ್ನು ದ್ರೋಣಾಚಾರ್ಯರ ಜೊತೆ ಸೇರಿಸಿ ಹೇಳುವುದು ಈ ಸೀಮೆಯ ನಂಬಿಕೆ. ದೇಶದ ಅತ್ಯುತ್ತಮ ಕೋಚ್‌ಗಳಿಗೆ ಕೊಡುವ ಪ್ರಶಸ್ತಿಯೂ ಅವರ ಹೆಸರಿನಲ್ಲೇ ಇದೆ. 1985ರಲ್ಲಿ ಆರಂಭವಾದ ದ್ರೋಣಾಚಾರ್ಯ ಪ್ರಶಸ್ತಿಯನ್ನು ಮೊದಲ ಬಾರಿ ಪಡೆದವರಲ್ಲಿ ಪಿ.ಟಿ. ಉಷಾ ಅವರ ಗುರು ಒ.ಎಂ. ನಂಬಿಯಾರ್ ಒಬ್ಬರು. ಈ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಬೆರಳೆಣಿಕೆಯಷ್ಟು. ಅವರಲ್ಲಿ ಹರಿಯಾಣದ ಸುನೀಲ್ ಡಬಾಸ್ ಅವರ ಹೆಸರು ಕನ್ನಡಿಗರಿಗೆ ಹತ್ತಿರದ್ದಾಗಬೇಕು.

ಏಕೆಂದರೆ ಡಬಾಸ್ ಪಳಗಿಸಿದ ಮಹಿಳಾ ಕಬಡ್ಡಿ ತಂಡದಲ್ಲಿ ನಮ್ಮ ಇಬ್ಬರು ಹುಡುಗಿಯರಿದ್ದರು. ಒಬ್ಬರು ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ. ಇನ್ನೊಬ್ಬರು ತೇಜಸ್ವಿನಿ ಬಾಯಿ. 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿಗೆ ಮೊದಲ ಸಲ ಜಾಗ ಸಿಕ್ಕಿತು, ಭಾರತ ಚಿನ್ನ ಗೆದ್ದಿತು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಮಮತಾ ನಾಯಕತ್ವದಲ್ಲಿ ಎತ್ತಿತು. ಅದೇ ವರ್ಷ ಡಬಾಸ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲೂ ಚಿನ್ನ, ಅಲ್ಲೂ ಮಮತಾ, ತೇಜಸ್ವಿನಿ ಇಬ್ಬರೂ ಇದ್ದರು. ತೇಜಸ್ವಿನಿ ಅವರಿಗೆ 2011ರಲ್ಲಿ, ಮಮತಾ ಅವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು.

ಕಥೆ ಅಲ್ಲಿಗೆ ನಿಲ್ಲದಿದ್ದುದೇ ಸಂತೋಷದ ಸಂಗತಿ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಮಹಿಳಾ ಕಬಡ್ಡಿ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಭಾರತ ಚೈನೀಸ್ ತೈಪೆ ತಂಡವನ್ನು 35–28ರಿಂದ ಮಣಿಸಿತು. ಅಂಕಣದ ಹೊರಗೆ ಮುಖ್ಯ ಕೋಚ್ ಆಗಿ ನಿಂತಿದ್ದವರು ಅದೇ ತೇಜಸ್ವಿನಿ ಬಾಯಿ. ಒಳಗೆ ಆಡುವ ಬಳಗದಲ್ಲಿ ಕರಾವಳಿಯ ಧನಲಕ್ಷ್ಮಿ ಪೂಜಾರಿ. ಹೆಣ್ಣು ಗುರುವಿನ ಕೈಯಲ್ಲಿ ಪಳಗಿದವಳು ತಾನೇ ಗುರುವಾಗಿ ಜಗತ್ತು ಗೆದ್ದಳು. ಸಿನಿಮಾದವರು ಹುಡುಕಬೇಕಾದ ಕಥೆ ಇಷ್ಟು ಹತ್ತಿರ ಇದೆ.

ಕ್ರಿಕೆಟ್‌ನಲ್ಲೂ ಅಂಥವರಿದ್ದಾರೆ. ಭಾರತ ತಂಡದ ನಾಯಕಿಯಾಗಿದ್ದ ಬೆಂಗಳೂರಿನ ಮಮತಾ ಮಾಬೆನ್ ಬಾಂಗ್ಲಾದೇಶದ ಮತ್ತು ಚೀನಾದ ಮಹಿಳಾ ತಂಡಗಳಿಗೆ ಆಟ ಕಲಿಸಿ ಬಂದರು.

ಫುಟ್‌ಬಾಲ್ ವಿಷಯಕ್ಕೆ ಬಂದರೆ, ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತಕ್ಕೆ ಆಡಿದರು, ಏಷ್ಯಾದ ಆಯ್ದ ಆಟಗಾರ್ತಿಯರ ತಂಡಕ್ಕೂ ಆಯ್ಕೆಯಾದರು. ಇತ್ತೀಚೆಗೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಮಹಿಳಾ ತಂಡವನ್ನು ಮಣಿಪುರದ ಮಾಜಿ ಆಟಗಾರ್ತಿ ಲಂಗಮ್ ಚಾವೋಬಾ ದೇವಿ ತರಬೇತುಗೊಳಿಸಿದರು. 2024ರಲ್ಲಿ ಅವರು ಭಾರತ ತಂಡದ ಮುಖ್ಯ ಕೋಚ್ ಆದರು. 2025ರ ಜುಲೈ 5ರಂದು, ಬೇರೆ ಕೋಚ್‌ನ ಕಾಲದಲ್ಲಿ, ಭಾರತದ ಹುಡುಗಿಯರು ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು.

ಖೋ ಖೋ ವಿಶ್ವಕಪ್‌ನಲ್ಲಿ ಕುರುಬೂರಿನ ಹುಡುಗಿ

*2025ರ ಜನವರಿ 19ರಂದು ದೆಹಲಿಯಲ್ಲಿ ಮುಗಿದ ಮೊದಲ ಖೋ ಖೋ ವಿಶ್ವಕಪ್‌ನ ಮಹಿಳಾ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78–40ರಿಂದ ಸೋಲಿಸಿತು. ಫೈನಲ್‌ನಲ್ಲಿ ಮಿಂಚಿದ ಬಿ. ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲೂಕಿನ ಕುರುಬೂರಿನವರು. ಹಳ್ಳಿ ಶಾಲೆಯ ಮಣ್ಣಿನ ಅಂಕಣದಲ್ಲಿ ಆಟ ಕಲಿತವರು.*

ಹುಡುಗಿ ಎಲ್ಲಿ ಕಳೆದುಹೋಗುತ್ತಾಳೆ?

ಈಗ ನಮ್ಮ ಮೂರು ಊರಿನ ಮಾತಿಗೆ ಬರೋಣ. ಗದಗ ಜಿಲ್ಲೆಗೆ ಆಟ ಹೊಸದಲ್ಲ. ಜಾತ್ರೆಯ ಕುಸ್ತಿ ಇಲ್ಲಿನ ಹಬ್ಬ. ಗಂಡಸರದೇ ಆಗಿದ್ದ ಆ ಅಖಾಡಕ್ಕೆ ಗದಗಿನ ಹುಡುಗಿಯರು ಇಳಿದು ಪದಕಗಳನ್ನು ತಂದಿದ್ದಾರೆ. ಕ್ರಿಕೆಟಿಗ ಸುನಿಲ್ ಜೋಶಿ ಗದಗಿನವರು. ಬಾಲ್ಯದಲ್ಲಿ ನಸುಕಿನಲ್ಲೆದ್ದು ಸುಮಾರು 60 ಕಿಲೊಮೀಟರ್ ದೂರದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಶಾಲೆಯ ಹೊತ್ತಿಗೆ ಮರಳಿ ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರ್‌ಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತದ್ದು ಆ ಪ್ರಯಾಣಗಳ ಫಲ.

ಹದಿಮೂರು ವರ್ಷದ ಹುಡುಗಿಯನ್ನು ನಸುಕಿನ ನಾಲ್ಕಕ್ಕೆ ಹುಬ್ಬಳ್ಳಿಯ ಗಾಡಿಗೆ ಯಾರು ಹತ್ತಿಸುತ್ತಾರೆ? ನರಗುಂದದ ಗುಡ್ಡದ ಬುಡದ ಹುಡುಗಿಯನ್ನಾಗಲಿ, ಮಲಪ್ರಭೆಯ ದಂಡೆಯ ಹೊಳೆಆಲೂರಿನ ಹುಡುಗಿಯನ್ನಾಗಲಿ ಹಾಗೆ ಕಳಿಸುವ ಮನೆ ಅಪರೂಪ. ಹುಡುಗ ಕೋಚ್ ಇದ್ದಲ್ಲಿಗೆ ಹೋಗಬಲ್ಲ. ಹುಡುಗಿ ಇದ್ದಲ್ಲಿಗೆ ಕೋಚ್ ಬರಬೇಕು. ನಾನು ಈ ಲೇಖನ ಬರೆಯಲು ಕುಳಿತದ್ದೇ ಈ ಒಂದು ಮಾತಿಗಾಗಿ.

ಅವಳು ಆಟದಿಂದ ಜಾರಿಹೋಗುವ ಜಾಗಗಳು ಊರಿನವರಿಗೆಲ್ಲ ಗೊತ್ತು. ತಾಲೂಕು ಕ್ರೀಡಾಕೂಟದ ಹಂಗಾಮು ಆಗಸ್ಟ್, ಸೆಪ್ಟೆಂಬರ್. ಎರೆ ಹೊಲಗಳಲ್ಲಿ ಹೆಸರು ಕಾಯಿ ಬಿಡಿಸುವ ಹಂಗಾಮೂ ಅದೇ. ಮಳೆ ಹಿಡಿದರೆ ಕಾಯಿ ಕಪ್ಪಾಗಿ ಹಾಳಾಗುತ್ತದೆ, ಆದ್ದರಿಂದ ಮನೆಯ ಪ್ರತಿ ಕೈಯೂ ಹೊಲಕ್ಕೆ ಬೇಕು. ಕಾಯಿ ಬಿಡಿಸುವುದರಲ್ಲಿ ಹುಡುಗಿಯರ ಕೈ ಚುರುಕು, ಹಾಗಾಗಿ ಮೊದಲು ಹೊಲಕ್ಕೆ ಹೋಗುವವಳೂ ಅವಳೇ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಸಂಜೆ ಕಂಡಿಕಿ ಸುತ್ತಲು ಮಗಳು ಬೇಕು. ಎಲ್ಲ ಮನೆಗಳಲ್ಲೂ ಸಂಜೆಯ ರೊಟ್ಟಿಗೆ ಅವಳೇ ಬೇಕು.

ಎಂಟನೇ ಇಯತ್ತೆಯಲ್ಲಿ ಜಿಂಕೆಯ ಹಾಗೆ ಓಡಿದವಳು ಒಂಬತ್ತಕ್ಕೆ ಬಂದಾಗ ಗೆರೆಯ ಆಚೆ ನಿಂತು ನೋಡುತ್ತಾಳೆ. ಮುಟ್ಟು ಶುರುವಾಗಿರುತ್ತದೆ. ಚಡ್ಡಿ ಟೀ ಶರ್ಟಿನಲ್ಲಿ ಓಡಲು ಸಂಕೋಚ. ಮೈದಾನದಲ್ಲಿ ಬಟ್ಟೆ ಬದಲಿಸಲು ಕೋಣೆ ಇಲ್ಲ, ಶೌಚಾಲಯಕ್ಕೆ ನೀರಿಲ್ಲ. ಹೊಟ್ಟೆನೋವು ಎಂದು ಪಿ.ಟಿ. ಸರ್‌ಗೆ ಹೇಳುವುದು ಹೇಗೆ? ಎಷ್ಟೇ ಒಳ್ಳೆಯ ಸರ್ ಆದರೂ ಅವಳಿಗೆ ಬಾಯಿ ಬರುವುದಿಲ್ಲ. ‘ಆರಾಮಿಲ್ರಿ ಸರ, ನಾ ಒಲ್ಲೆ’ ಅನ್ನುತ್ತಾಳೆ. ತಂಡದ ಪಟ್ಟಿಯಿಂದ ಒಂದು ಹೆಸರು ಹೋಗುತ್ತದೆ. ಅವಳ ಕಾಲಿನಲ್ಲಿದ್ದ ಓಟ ಯಾರಿಗೂ ತಿಳಿಯದೆ ಮುಗಿಯುತ್ತದೆ.

ಅಕ್ಕೋರು ಇದ್ದ ಶಾಲೆಯಲ್ಲಿ ಇದೇ ಹುಡುಗಿ ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳುತ್ತಾಳೆ. ಅಕ್ಕೋರ ಚೀಲದಲ್ಲಿ ಪ್ಯಾಡ್ ಇರುತ್ತದೆ. ಇವತ್ತು ಕೂತು ನೋಡು, ನಾಳಿದ್ದು ಓಡು ಎನ್ನುತ್ತಾರೆ. ಸಂಜೆ ಅವಳ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಅವ್ವನ ಹತ್ತಿರ ಮಾತಾಡುತ್ತಾರೆ. ಜಿಲ್ಲಾ ಮಟ್ಟಕ್ಕೆ ಹೋದರೆ ರಾತ್ರಿ ಎಲ್ಲಿ ಉಳಿಯುತ್ತಾರೆ, ಯಾರು ಜೊತೆಗಿರುತ್ತಾರೆ ಎಂದು ಅಪ್ಪ ಕೇಳಿದಾಗ ‘ನಾ ಇರ್ತೇನ್ರಿ ಅಣ್ಣಾರ’ ಎಂಬ ಒಂದು ಮಾತು ಹೇಳುತ್ತಾರೆ. ಆ ಒಂದು ಮಾತಿಗೆ ಎಷ್ಟೋ ಮನೆಗಳ ಬಾಗಿಲು ತೆರೆದಿದೆ.

ಇದು ಮೃದುವಾದ ಕೆಲಸ ಎಂದು ಯಾರೂ ತಿಳಿಯಬಾರದು. ಕಂಬ ಹಿಡಿದು ತಿರುಗುವಾಗ ಮೈ ಹೇಗೆ ಬಾಗಬೇಕು, ಡೈವ್ ಹೊಡೆದಾಗ ಎದೆ ಮೊದಲು ನೆಲಕ್ಕೆ ತಾಗದಂತೆ ಹೇಗೆ ಜಾರಬೇಕು, ಕಬಡ್ಡಿಯಲ್ಲಿ ರೇಡರ್‌ನ ಪಾದ ಹಿಡಿಯುವವಳು ಎಷ್ಟು ತಗ್ಗಬೇಕು ಎಂಬುದನ್ನು ಕಲಿಸುವವರು ತಾವೇ ಮಾಡಿ ತೋರಿಸಬೇಕು. ಬಿ.ಪಿ.ಎಡ್. ಓದಿದ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ಅವರಲ್ಲಿ ಹಲವರು ಶಾಲೆಗೆ ಬಂದ ಮೇಲೆ ಪ್ರಾರ್ಥನೆ ಸಾಲು ನಿಲ್ಲಿಸುವುದು, ಸ್ವಾತಂತ್ರ್ಯೋತ್ಸವದ ಲೇಜಿಮ್ ಕಲಿಸುವುದು, ಬಿಸಿಯೂಟದ ಲೆಕ್ಕ ಬರೆಯುವುದು ಇಷ್ಟರಲ್ಲೇ ಸವೆಯುತ್ತಾರೆ. ಪಿ.ಟಿ. ಪೀರಿಯಡ್ ಪರೀಕ್ಷೆ ಹತ್ತಿರ ಬಂದಂತೆ ಗಣಿತಕ್ಕೆ ಹೋಗುತ್ತದೆ.

ಮಣ್ಣಿನ ಅಂಕಣದಿಂದ ಮೇಲೆ

*ನಮ್ಮ ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳು: ಹೋಬಳಿ ಅಥವಾ ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ರೋಣ, ನರಗುಂದ, ಗಜೇಂದ್ರಗಡದ ಗೆದ್ದ ತಂಡ ಗದಗಿಗೆ ಹೋಗುತ್ತದೆ. ಅಲ್ಲೂ ಗೆದ್ದರೆ ವಿಭಾಗ ಮಟ್ಟ. ಮೇಲೆ ಹತ್ತಿದಷ್ಟೂ ಊರು ದೂರ, ಹೊರಗೆ ಉಳಿಯುವ ರಾತ್ರಿಗಳು ಹೆಚ್ಚು. ಹುಡುಗಿಯರಿಗೆ ಮನೆಯ ಒಪ್ಪಿಗೆ ಬೇಕಾಗುವುದು ಪ್ರತಿ ಮೆಟ್ಟಿಲಲ್ಲೂ.*

ನರಗುಂದದಲ್ಲಿ ತೆಗೆಯಬಹುದಾದ ಚಿತ್ರ

ಇದೆಲ್ಲ ನಗೆಚಿತ್ರವಾಗುವುದು ಹೇಗೆ ಎಂದು ಕೇಳಬಹುದು. ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ (2018) ನೆನಪಿಸಿಕೊಳ್ಳಿ. ಗಡಿನಾಡಿನಲ್ಲಿ ಕನ್ನಡ ಶಾಲೆ ಮುಚ್ಚುವ ಸಂಕಟದಷ್ಟು ಗಂಭೀರ ವಿಷಯವನ್ನು ಆ ಚಿತ್ರ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತ ಹೇಳಿತು. ಜನ ಕಿಕ್ಕಿರಿದು ನೋಡಿದರು, ರಾಷ್ಟ್ರೀಯ ಪ್ರಶಸ್ತಿಯೂ ಬಂತು. ಮಕ್ಕಳು, ಮೇಷ್ಟ್ರು, ಊರ ದೊಡ್ಡವರು ಸೇರಿದ ಕಡೆ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ.

ನರಗುಂದದ ಗುಡ್ಡದ ಕೆಳಗೊಂದು ಹೈಸ್ಕೂಲು ಎಂದುಕೊಳ್ಳಿ. ಬ್ರಿಟಿಷರ ವಿರುದ್ಧ 1858ರಲ್ಲಿ ಇಲ್ಲಿನ ಅರಸ ಬಾಬಾಸಾಹೇಬ ಎದ್ದು ನಿಂತ ಊರು, 1980ರಲ್ಲಿ ರೈತರು ಎದ್ದು ನಿಂತ ಊರು. ಅಲ್ಲಿಗೆ ಹೊಸದಾಗಿ ಬರುವ ಪಿ.ಟಿ. ಅಕ್ಕೋರಿಗೆ ಗಂಡುಹುಡುಗರ ಫುಟ್‌ಬಾಲ್ ತಂಡ ಕೊಡುತ್ತಾರೆ. ಊರಲ್ಲಿ ಎಲ್ಲರಿಗೂ ಬರುವುದು ಕಬಡ್ಡಿ, ಖೋ ಖೋ, ಕುಸ್ತಿ. ಚೆಂಡು ಕಂಡ ಕೂಡಲೇ ಹುಡುಗರು ಕಾಲು ಬಿಟ್ಟು ಕೈ ಹಾಕುತ್ತಾರೆ, ಎದುರು ಬಂದವನನ್ನು ಕಬಡ್ಡಿಯಲ್ಲಿ ಹಿಡಿದಂತೆ ಹಿಡಿಯುತ್ತಾರೆ. ಗೋಲುಕಂಬಕ್ಕೆ ಬಿದಿರು, ಜಾಲಕ್ಕೆ ಉಳ್ಳಾಗಡ್ಡಿ ಚೀಲದ ಬಲೆ. ಶಾಲಾ ಸಮಿತಿಯ ಅಧ್ಯಕ್ಷರು ಪಂದ್ಯದ ನಡುವೆ ಮೈಕ್ ಹಿಡಿದು ಭಾಷಣ ಶುರು ಮಾಡುತ್ತಾರೆ. ಸೆಮಿಫೈನಲ್‌ನ ಹೊತ್ತಿಗೆ ಮಳೆ ಮೋಡ ಕಟ್ಟಿ, ಗೋಲ್‌ಕೀಪರ್‌ನ ಅಪ್ಪ ಅವನನ್ನು ಮೈದಾನದಿಂದಲೇ ಹೆಸರು ಹೊಲಕ್ಕೆ ಎಳೆದೊಯ್ಯುತ್ತಾನೆ. ಇಡೀ ತಂಡ ಅಕ್ಕೋರ ಜೊತೆ ಹೊಲಕ್ಕಿಳಿದು ಕಾಯಿ ಬಿಡಿಸಿ ಅವನನ್ನು ಬಿಡಿಸಿಕೊಂಡು ಬರುತ್ತದೆ.

ಇಲ್ಲಿ ಒಂದು ಬೇಡಿಕೆಯಿದೆ. ನಮ್ಮ ಸೀಮೆಯ ಮಾತು ಕನ್ನಡ ಸಿನಿಮಾದಲ್ಲಿ ಬಹುಕಾಲ ನಗಿಸುವ ಆಳಿಗೋ ಗುಡುಗುವ ಖಳನಿಗೋ ಮೀಸಲಾಗಿತ್ತು. ಈ ಚಿತ್ರದಲ್ಲಿ ಅಕ್ಕೋರು ಆ ಮಾತಿನಲ್ಲೇ ತಂತ್ರ ಹೇಳಲಿ, ಬಯ್ಯಲಿ, ಅಳಲಿ, ಗೆಲ್ಲಲಿ. ಮತ್ತೊಂದು ಬೇಡಿಕೆ: ಕೊನೆಯಲ್ಲಿ ಬೆಂಗಳೂರಿನಿಂದ ಯಾವ ನಾಯಕನೂ ಬಂದು ತಂಡವನ್ನು ಉಳಿಸಬಾರದು.

ಚಿತ್ರ ಬರುವುದು ಬಿಡುವುದು ಸಿನಿಮಾದವರ ಕೈಯಲ್ಲಿದೆ. ಶಾಲೆಯ ಅಕ್ಕೋರು ಬರುವುದು ನಮ್ಮ ಕೈಯಲ್ಲೂ ಇದೆ. ರೋಣ, ನರಗುಂದ, ಗಜೇಂದ್ರಗಡದ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮಗಳ ಶಾಲೆಯಲ್ಲಿ ಹುಡುಗಿಯರಿಗೆ ಆಟ ಕಲಿಸುವ ಶಿಕ್ಷಕಿ ಇದ್ದಾರೆಯೇ ಎಂದು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಇಲ್ಲದಿದ್ದರೆ ಬೇಕೆಂದು ಠರಾವು ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ. ಇದ್ದರೆ, ಪಿ.ಟಿ. ಪೀರಿಯಡ್ಡನ್ನು ಬೇರೆ ಯಾವ ಪಾಠಕ್ಕೂ ಕೊಡದಂತೆ ನೋಡಿಕೊಳ್ಳಿ, ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಶೌಚಾಲಯಕ್ಕೆ ನೀರು ಕೇಳಿ ಪಡೆಯಿರಿ. ಈ ಸಲ ತಾಲೂಕು ಕ್ರೀಡಾಕೂಟಕ್ಕೆ ಮಗಳು ಆಯ್ಕೆಯಾದರೆ ಹೊಲದ ಕೆಲಸಕ್ಕೆ ಒಂದು ದಿನ ಬೇರೆ ಆಳು ಹಚ್ಚಿ, ಅವಳ ಆಟ ನೋಡಲು ನೀವೂ ಮೈದಾನಕ್ಕೆ ಬನ್ನಿ.